ಬೆಳಕು ಕೊಡುವ ಶಾಯಿ: ಮುದ್ರಿಸಬಹುದಾದ ಸಾವಯವ ವಸ್ತುಗಳ ರಸಾಯನಶಾಸ್ತ್ರ

(ವಿಜ್ಞಾನ ಪದವಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಅಧ್ಯಾಪಕ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ಇಲ್ಲಿ ಕುಳಿತಿರುವವರಲ್ಲಿ ಅನೇಕರ ಬಳಿ ಇರುವ ಮೊಬೈಲ್ ಫೋನಿನ ಪರದೆ ಓಎಲ್‌ಇಡಿ ಜಾತಿಗೆ ಸೇರಿದ್ದು. ಆ ಪರದೆಯ ಹಿಂದೆ ಬೇರೆ ದೀಪವಿಲ್ಲ. ಎರಡು ವಿದ್ಯುದಗ್ರಗಳ ನಡುವೆ ಒಂದರ ಮೇಲೊಂದು ಹಾಸಿದ ಸಾವಯವ ಪದರಗಳು, ಎಂದರೆ ಇಂಗಾಲದ ಸಂಯುಕ್ತಗಳ ಪದರಗಳು, ವಿದ್ಯುತ್ ಹರಿದಾಗ ತಾವೇ ಬೆಳಗುತ್ತವೆ. ಎಲ್ಲ ಪದರಗಳನ್ನು ಕೂಡಿಸಿದರೂ ದಪ್ಪ ಕೆಲವು ನೂರು ನ್ಯಾನೊಮೀಟರ್ ಮಾತ್ರ. ತಲೆಗೂದಲಿನ ದಪ್ಪದ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಒಂದು ಕಡೆಯಿಂದ ಎಲೆಕ್ಟ್ರಾನುಗಳೂ ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿನ ಕೊರತೆಯಾದ ರಂಧ್ರಗಳೂ ಒಳಬಂದು, ನಡುವಿನ ಪದರದ ಅಣುವೊಂದರ ಮೇಲೆ ಸಂಧಿಸಿ, ಆ ಅಣುವನ್ನು ಉದ್ರಿಕ್ತ ಸ್ಥಿತಿಗೆ ಏರಿಸುತ್ತವೆ. ಅಣು ಅಲ್ಲಿಂದ ಕೆಳಗಿಳಿಯುವಾಗ ಬೆಳಕು ಹೊರಬರುತ್ತದೆ.

ಇಂದು ಮಾರುಕಟ್ಟೆಯಲ್ಲಿರುವ ಇಂತಹ ಪರದೆಗಳ ಬಹುಪಾಲು ನಿರ್ವಾತದಲ್ಲಿ ತಯಾರಾಗುತ್ತವೆ. ಸಾವಯವ ಪುಡಿಯನ್ನು ನಿರ್ವಾತ ಕೋಣೆಯಲ್ಲಿ ಕಾಯಿಸಿ ಆವಿಯಾಗಿಸುತ್ತಾರೆ. ಆವಿಯು ಅತಿ ಸಣ್ಣ ಕಿಂಡಿಗಳಿರುವ ತೆಳು ಲೋಹದ ಮುಸುಕಿನ ಮೂಲಕ ಹಾಯ್ದು ಗಾಜಿನ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕಿಗಳಾಗಿ ಕೂರುತ್ತದೆ. ಫೋನಿನ ಅಳತೆಗೆ ಈ ವಿಧಾನ ಅತ್ಯುತ್ತಮವಾಗಿ ಒಗ್ಗಿದೆ. ಆದರೆ ಆವಿಯ ದೊಡ್ಡ ಪಾಲು ಮುಸುಕಿನ ಮೇಲೂ ಕೋಣೆಯ ಗೋಡೆಗಳ ಮೇಲೂ ಕುಳಿತು ವ್ಯರ್ಥವಾಗುತ್ತದೆ, ಮತ್ತು ಗಾಜಿನ ಹಲಗೆ ದೊಡ್ಡದಾದಷ್ಟೂ ಮುಸುಕು ತನ್ನದೇ ತೂಕಕ್ಕೆ ಜೋತು, ಶಾಖಕ್ಕೆ ಹಿಗ್ಗಿ, ಚುಕ್ಕಿಗಳ ಜಾಗ ತಪ್ಪಿಸುತ್ತದೆ. ಎಲ್‌ಜಿ ಸಂಸ್ಥೆಯ ದೊಡ್ಡ ಟಿವಿಗಳು ಇಡೀ ಪರದೆಗೆ ಬಿಳಿ ಬೆಳಕಿನ ಪದರಗಳನ್ನು ಹಾಸಿ ಮೇಲೆ ಬಣ್ಣದ ಸೋಸುಗಳನ್ನಿಟ್ಟು ಈ ತೊಡಕನ್ನು ದಾಟಿದವು. ಹಾಗೆ ಮಾಡಿದಾಗ ಹುಟ್ಟಿದ ಬೆಳಕಿನ ಬಹಳಷ್ಟನ್ನು ಸೋಸುಗಳೇ ನುಂಗುತ್ತವೆ. ಇದೇ ವಸ್ತುಗಳನ್ನು ದ್ರಾವಕದಲ್ಲಿ ಕರಗಿಸಿ, ಶಾಯಿಯಂತೆ, ಬೇಕಾದ ಕಡೆಗೆ ಮಾತ್ರ ಬೇಕಾದಷ್ಟೇ ಹನಿಸಬಾರದೇಕೆ ಎಂಬ ಪ್ರಶ್ನೆಯನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಕೇಳುತ್ತ ಬರಲಾಗಿದೆ. ಉತ್ತರ ಇಷ್ಟು ತಡವಾಗಿರುವುದಕ್ಕೆ ಮುಖ್ಯ ಕಾರಣ ಅಣುವಿನಲ್ಲಿದೆ, ಯಂತ್ರದ ಪಾಲು ಅದರಲ್ಲಿ ಚಿಕ್ಕದು ಎಂಬುದು ನನ್ನ ಅಭಿಪ್ರಾಯ. ಬೆಳಗುವುದಕ್ಕೆ ಅಣುವಿಗೆ ಬೇಕಾದ ಗುಣಗಳೂ ಕರಗುವುದಕ್ಕೆ ಬೇಕಾದ ಗುಣಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತವೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಎಳೆದಾಟದ ಕುರಿತಾಗಿದೆ.

ಸಾವಯವ ವಸ್ತುವಿನಲ್ಲಿ ವಿದ್ಯುತ್ತಿನಿಂದ ಬೆಳಕು ಹೊರಡಿಸಿದ ಪ್ರಯೋಗಗಳು ಹಳೆಯವು. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ಆಂಥ್ರಾಸೀನ್ ಹರಳಿನಿಂದ ಬೆಳಕು ಪಡೆದರು, ಆದರೆ ಅದಕ್ಕೆ ನೂರಾರು ವೋಲ್ಟ್ ಬೇಕಾಗಿತ್ತು. 1987ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ರಂಧ್ರಗಳನ್ನು ಸಾಗಿಸಲು ಒಂದು, ಎಲೆಕ್ಟ್ರಾನುಗಳನ್ನು ಸಾಗಿಸಿ ಬೆಳಗಲು ಇನ್ನೊಂದು, ಹೀಗೆ ಎರಡು ತೆಳು ಪದರಗಳನ್ನು ನಿರ್ವಾತದಲ್ಲಿ ಹಾಸಿ, 10 ವೋಲ್ಟ್‌ಗಿಂತ ಕಡಿಮೆ ಒತ್ತಡದಲ್ಲಿ ಪ್ರಕಾಶಮಾನವಾದ ಹಸಿರು ಬೆಳಕು ಪಡೆದರು. ಕೆಲಸವನ್ನು ಪದರಗಳಿಗೆ ಹಂಚುವ ಈ ಕಲ್ಪನೆಯೇ ಇಂದಿಗೂ ಓಎಲ್‌ಇಡಿಯ ಅಡಿಪಾಯ. ಮುದ್ರಣಕ್ಕೆ ಅತಿ ದೊಡ್ಡ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮುದ್ರಣದ ಕನಸಿಗೆ ನಿಜವಾದ ಬೀಜ ಬಿದ್ದದ್ದು 1990ರಲ್ಲಿ. ಕೇಂಬ್ರಿಜ್‌ನ ಜೆರೆಮಿ ಬರೋಸ್, ಡೋನಲ್ ಬ್ರ್ಯಾಡ್ಲಿ, ರಿಚರ್ಡ್ ಫ್ರೆಂಡ್, ಆಂಡ್ರ್ಯೂ ಹೋಮ್ಸ್ ಮತ್ತು ಸಂಗಡಿಗರು ಪಾಲಿಫಿನೈಲೀನ್ ವಿನೈಲೀನ್, ಸಂಕ್ಷಿಪ್ತವಾಗಿ ಪಿಪಿವಿ, ಎಂಬ ಪಾಲಿಮರ್ ವಿದ್ಯುತ್ತಿಗೆ ಹಸಿರು ಮಿಶ್ರಿತ ಹಳದಿ ಬೆಳಕು ಕೊಡುತ್ತದೆ ಎಂದು ಪ್ರಕಟಿಸಿದರು. ದಕ್ಷತೆ ಶೇಕಡಾ 0.05ರಷ್ಟೇ. ಆದರೂ ಆ ಪ್ರಬಂಧವನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಪದರವನ್ನು ಮಾಡಿದ ಬಗೆ. ಪಿಪಿವಿ ಯಾವ ದ್ರಾವಕದಲ್ಲಿಯೂ ಕರಗದು, ಕರಗುವ ಮೊದಲೇ ಸುಟ್ಟುಹೋಗುವುದರಿಂದ ಕಾಯಿಸಿ ದ್ರವವಾಗಿಸಲೂ ಬಾರದು. ಹೀಗಾಗಿ ಅವರು ಪಿಪಿವಿಯ ಬದಲು, ಇನ್ನೂ ಪಿಪಿವಿಯಾಗಿರದ ಪೂರ್ವರೂಪವೊಂದನ್ನು ದ್ರಾವಣವಾಗಿ ಹಾಸಿದರು. ಅದು ಸಲ್ಫೋನಿಯಂ ಗುಂಪುಗಳಿರುವ, ಕರಗಬಲ್ಲ ಪಾಲಿಮರ್. ತಿರುಗುವ ಗಾಜಿನ ಮೇಲೆ ಅದನ್ನು ತೆಳುವಾಗಿ ಹರಡಿ, ನಿರ್ವಾತದಲ್ಲಿ 250 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಕಾಯಿಸಿದಾಗ ಆ ಗುಂಪುಗಳು ಕಳಚಿ ಹಾರಿಹೋಗಿ, ಒಂದು ಬಿಟ್ಟು ಒಂದು ದ್ವಿಬಂಧವಿರುವ ನಿಜವಾದ ಪಿಪಿವಿ ಹಾಳೆಯಾಗಿ ಉಳಿಯಿತು. ಶಾಯಿಯಾಗಿದ್ದಾಗ ಒಂದು ಅಣು, ಪದರವಾದ ಮೇಲೆ ಇನ್ನೊಂದು ಅಣು ಎಂಬ ಈ ಉಪಾಯ ಮುದ್ರಣ ರಸಾಯನಶಾಸ್ತ್ರದಲ್ಲಿ ಮತ್ತೆ ಮತ್ತೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಪಿಪಿವಿ ಏಕೆ ಕರಗುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ವಿಷಯದ ತಿರುಳು ಅಲ್ಲಿದೆ. ವಿದ್ಯುತ್ ಸಾಗಬೇಕಾದರೆ ಅಣುವಿನ ಬೆನ್ನೆಲುಬು ಉದ್ದಕ್ಕೂ ಏಕಬಂಧ, ದ್ವಿಬಂಧಗಳು ಸರದಿಯಲ್ಲಿರಬೇಕು. ಹಾಗಿದ್ದಾಗ ಎಲೆಕ್ಟ್ರಾನುಗಳು ಒಂದು ಬಂಧಕ್ಕೆ ಅಂಟಿಕೊಳ್ಳದೆ ಹರಡಿಕೊಳ್ಳುತ್ತವೆ. ಅಂತಹ ಬೆನ್ನೆಲುಬು ಸಹಜವಾಗಿಯೇ ಚಪ್ಪಟೆ ಮತ್ತು ಗಡುಸು. ಚಪ್ಪಟೆ ಅಣುಗಳು ಒಂದರ ಮೇಲೊಂದು ಒತ್ತಾಗಿ ಕುಳಿತು ಪರಸ್ಪರ ಬಲವಾಗಿ ಹಿಡಿದುಕೊಳ್ಳುತ್ತವೆ, ದ್ರಾವಕದ ಅಣುಗಳಿಗೆ ನಡುವೆ ನುಸುಳಲು ಜಾಗವನ್ನೇ ಕೊಡುವುದಿಲ್ಲ. 1977ರಲ್ಲಿ ಹಿಡೆಕಿ ಶಿರಾಕಾವಾ, ಆಲನ್ ಮ್ಯಾಕ್‌ಡಯರ್ಮಿಡ್ ಮತ್ತು ಆಲನ್ ಹೀಗರ್ ವಿದ್ಯುದ್ವಾಹಕವಾಗಿಸಿ ತೋರಿಸಿದ, ಮುಂದೆ 2000ನೇ ಇಸವಿಯ ನೊಬೆಲ್ ಬಹುಮಾನಕ್ಕೆ ಕಾರಣವಾದ ಪಾಲಿಅಸಿಟಲೀನ್‌ನ ಹಣೆಬರಹವೂ ಇದೇ ಆಗಿತ್ತು.

ಇದಕ್ಕೆ ಕಂಡುಕೊಂಡ ಪರಿಹಾರ ಪಾರ್ಶ್ವ ಸರಪಳಿ. ಗಡುಸಾದ ಬೆನ್ನೆಲುಬಿನಿಂದ ಅಲ್ಲಲ್ಲಿ ಮೆತ್ತನೆಯ, ಬಳುಕುವ ಹೈಡ್ರೋಕಾರ್ಬನ್ ಬಾಲಗಳನ್ನು ಜೋಡಿಸಿದರೆ ಅವು ಅಣುಗಳನ್ನು ದೂರ ದೂರ ಇಡುತ್ತವೆ ಮತ್ತು ದ್ರಾವಕದೊಡನೆ ಬೆರೆಯುತ್ತವೆ. 1991ರಲ್ಲಿ ಸಾಂಟಾ ಬಾರ್ಬರಾದಲ್ಲಿ ಡೇವಿಡ್ ಬ್ರೌನ್ ಮತ್ತು ಹೀಗರ್ ಇಂತಹ ಕವಲೊಡೆದ ಬಾಲ ಹೊತ್ತ ಪಿಪಿವಿಯನ್ನು ನೇರವಾಗಿ ದ್ರಾವಣದಿಂದ ಹಾಸಿ ಬೆಳಗಿಸಿದರು. ಕಾಯಿಸಿ ಪರಿವರ್ತಿಸುವ ಅಗತ್ಯವೇ ಉಳಿಯಲಿಲ್ಲ.

ಇಲ್ಲಿ ಬೆಂಗಳೂರಿನ ಒಂದು ಕೆಲಸವನ್ನು ನೆನೆಯಲೇಬೇಕು. ಅದೇ 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ತಟ್ಟೆಯಾಕಾರದ ಅಣುಗಳೂ ದ್ರವ ಹರಳುಗಳಾಗಬಲ್ಲವು ಎಂದು ಮೊದಲ ಬಾರಿಗೆ ತೋರಿಸಿ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬಳಸಿದ ಅಣುವಿನ ನಡುವೆ ಚಪ್ಪಟೆಯಾದ ಬೆಂಜೀನ್ ಉಂಗುರವಿತ್ತು, ಸುತ್ತ ಆರು ಉದ್ದ ಬಾಲಗಳಿದ್ದವು. ತಟ್ಟೆಗಳು ಒಂದರ ಮೇಲೊಂದು ಕಂಬಗಳಾಗಿ ನಿಂತವು, ಬಾಲಗಳು ಆ ಕಂಬಗಳ ನಡುವೆ ದ್ರವದ ಬಳುಕನ್ನು ಉಳಿಸಿದವು. ಅವರ ಉದ್ದೇಶ ದ್ರವ ಹರಳಿನ ಭೌತಶಾಸ್ತ್ರವಾಗಿತ್ತು, ಎಲೆಕ್ಟ್ರಾನಿಕ್ಸ್ ಆಗಿರಲಿಲ್ಲ. ಆದರೆ 1994ರಲ್ಲಿ ಜರ್ಮನಿಯ ಬೈರಾಯ್ಟ್‌ನ ಸಂಶೋಧಕರು ಟ್ರೈಫಿನೈಲೀನ್ ತಿರುಳಿನ ಇಂತಹ ಕಂಬಗಳ ಮೂಲಕ ವಿದ್ಯುದಾವೇಶ ಅಚ್ಚರಿಪಡುವಷ್ಟು ಚುರುಕಾಗಿ ಓಡುತ್ತದೆಂದು ಅಳೆದರು. ಗಡುಸು ತಿರುಳು ವಿದ್ಯುತ್ತಿಗೆ, ಬಳುಕುವ ಬಾಲ ಸಂಸ್ಕರಣೆಗೆ ಎಂಬ ಕೆಲಸದ ಹಂಚಿಕೆ ಅಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವ ಚಿತ್ರ ಆ ಆರು ಬಾಲಗಳ ಅಣುವಿನದೇ.

ಬಾಲಕ್ಕೆ ತೆರಬೇಕಾದ ಬೆಲೆಯೂ ಇದೆ. ಅದು ವಿದ್ಯುತ್ತನ್ನು ಸಾಗಿಸದ ಅವಾಹಕ. ಬಾಲ ಉದ್ದವಾದರೆ ವಸ್ತು ಸಲೀಸಾಗಿ ಕರಗುತ್ತದೆ, ಆದರೆ ಪದರದ ಗಾತ್ರದ ದೊಡ್ಡ ಪಾಲು ನಿಷ್ಪ್ರಯೋಜಕವಾಗಿ, ಒಂದು ಅಣುವಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನು ನೆಗೆಯಬೇಕಾದ ದೂರ ಹೆಚ್ಚುತ್ತದೆ, ಪದರ ಮೆತ್ತಗಾಗಿ ಕಡಿಮೆ ತಾಪದಲ್ಲೇ ಅಲುಗಾಡತೊಡಗುತ್ತದೆ. ಬಾಲ ಗಿಡ್ಡವಾದರೆ ಶಾಯಿ ಬಾಟಲಿಯಲ್ಲಿಯೇ ಮಡ್ಡಿಗಟ್ಟುತ್ತದೆ. ಎಷ್ಟು ಉದ್ದ, ಕವಲು ಎಲ್ಲಿ, ಎಷ್ಟು ಘಟಕಕ್ಕೊಂದು ಬಾಲ ಎಂಬುದನ್ನು ಪ್ರತಿ ಹೊಸ ಬೆನ್ನೆಲುಬಿಗೂ ಹೊಸದಾಗಿ ಗೊತ್ತುಮಾಡಬೇಕು. ಬೆಳಕು ಸೂಸುವ ಭಾಗದ ಬಣ್ಣ, ದಕ್ಷತೆಗಳ ಬಗ್ಗೆ ಪ್ರಬಂಧಗಳು ವಿಸ್ತಾರವಾಗಿ ಚರ್ಚಿಸುತ್ತವೆ. ಬಾಲದ ಬಗ್ಗೆ ಎರಡು ಸಾಲು ಬರೆದು ಮುಂದೆ ಹೋಗುತ್ತವೆ. ಇದು ಸರಿಯಲ್ಲವೆಂದು ನನಗೆ ಬಲವಾಗಿ ಅನಿಸುತ್ತದೆ.

ಈಗ ಶಾಯಿಗೆ ಬರೋಣ. ಕಂಪ್ಯೂಟರ್ ಮಾನಿಟರಿನ ಒಂದು ಬಣ್ಣದ ಚುಕ್ಕಿಯ ಗುಳಿ 50 ಮೈಕ್ರೋಮೀಟರ್ ಅಗಲ, 150 ಮೈಕ್ರೋಮೀಟರ್ ಉದ್ದ ಇದೆಯೆಂದು ಇಟ್ಟುಕೊಳ್ಳಿ. ಅದರೊಳಗೆ 60 ನ್ಯಾನೊಮೀಟರ್ ದಪ್ಪದ ಪದರ ಬೇಕಾದರೆ, ಬೇಕಾಗುವ ಘನವಸ್ತು 0.45 ಪಿಕೊಲೀಟರ್. ಒಂದು ಪಿಕೊಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಶಾಯಿಯಲ್ಲಿ ವಸ್ತು ಶೇಕಡಾ ಒಂದರಷ್ಟಿದ್ದರೆ 45 ಪಿಕೊಲೀಟರ್ ಶಾಯಿ ಹಾಕಬೇಕು. ಇಂಕ್‌ಜೆಟ್ ನಳಿಕೆ 10 ಪಿಕೊಲೀಟರಿನ ಹನಿ ಬಿಡುತ್ತದೆಂದರೆ ನಾಲ್ಕೂವರೆ ಹನಿ. ಅರ್ಧ ಹನಿ ಬೀಳಿಸಲಾಗದು, ಆದ್ದರಿಂದ ಶಾಯಿಯನ್ನು ಶೇಕಡಾ 0.9ಕ್ಕೆ ತೆಳುವಾಗಿಸಿ ಐದು ಹನಿ ಹಾಕಬೇಕು. 4ಕೆ ಪರದೆಯಲ್ಲಿ ಸುಮಾರು 2.5 ಕೋಟಿ ಇಂತಹ ಗುಳಿಗಳಿರುತ್ತವೆ. ಒಂದೊಂದು ಪದರಕ್ಕೂ 12 ಕೋಟಿಗಿಂತ ಹೆಚ್ಚು ಹನಿಗಳು. ನಳಿಕೆ ನಳಿಕೆಗೂ ಹನಿಯ ಗಾತ್ರದಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಪದರದ ದಪ್ಪ ಬದಲಾಗಿ, ಪರದೆಯ ಮೇಲೆ ಗೆರೆಗಳಾಗಿ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಒಂದೇ ಗುಳಿಗೆ ಬೇರೆ ಬೇರೆ ನಳಿಕೆಗಳಿಂದ ಹನಿ ಹಾಕಿ ವ್ಯತ್ಯಾಸವನ್ನು ಸರಾಸರಿಗೆ ತರುತ್ತಾರೆ.

ಹನಿ ಸರಿಯಾಗಿ ಬಿದ್ದ ಮೇಲೂ ಅದು ಒಣಗುವ ಬಗೆ ಕಾಡುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುವುದನ್ನು ಎಲ್ಲರೂ ಕಂಡಿದ್ದೇವೆ. ಅದರ ಕಾರಣವನ್ನು 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ವಿವರಿಸಿದರು: ಹನಿಯ ಅಂಚು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಅಲ್ಲಿ ದ್ರವ ಬೇಗ ಆವಿಯಾಗುತ್ತದೆ, ಆ ನಷ್ಟ ತುಂಬಲು ನಡುವಿನಿಂದ ದ್ರವ ಅಂಚಿಗೆ ಹರಿಯುತ್ತ ತನ್ನೊಡನೆ ಘನವಸ್ತುವನ್ನೂ ಹೊತ್ತೊಯ್ಯುತ್ತದೆ. ನಮ್ಮ ಗುಳಿಯಲ್ಲೂ ಹೀಗೆಯೇ ಆದರೆ ನಡುವೆ ಪದರ ತೆಳುವಾಗಿ, ವಿದ್ಯುತ್ತೆಲ್ಲ ಆ ತೆಳು ಜಾಗದಲ್ಲೇ ನುಗ್ಗಿ, ಅಲ್ಲಿಯೇ ಬೇಗ ಸವೆಯುತ್ತದೆ. ಇದನ್ನು ತಡೆಯಲು ಬೇರೆ ಬೇರೆ ಕುದಿಬಿಂದುವಿನ ದ್ರಾವಕಗಳನ್ನು ಬೆರೆಸುತ್ತಾರೆ. ಒಂದು ಬೇಗ ಆರಿಹೋದಾಗ ಅಂಚಿನಲ್ಲಿ ಇನ್ನೊಂದರ ಪಾಲು ಹೆಚ್ಚಿ, ಮೇಲ್ಮೈ ಸೆಳೆತದಲ್ಲಿ ಏರುಪೇರಾಗಿ, ದ್ರವ ಒಳಮುಖವಾಗಿಯೂ ಹರಿಯುವಂತೆ ಮಾಡಬಹುದು. ಬೇಗ ಆರುವ ಟಾಲುಯಿನ್ ಒಂದನ್ನೇ ಬಳಸಿದರೆ ಶಾಯಿ ನಳಿಕೆಯ ತುದಿಯಲ್ಲೇ ಗಟ್ಟಿಯಾಗುತ್ತದೆ. ನಿಧಾನವಾಗಿ ಆರುವ ಸೈಕ್ಲೋಹೆಕ್ಸಿಲ್ ಬೆಂಜೀನ್‌ನಂತಹದು ನಳಿಕೆಗೆ ಹಿತ, ಆದರೆ ಪದರದೊಳಗೆ ಒಂದಿಷ್ಟು ಉಳಿದುಬಿಟ್ಟರೆ ಸಾಧನದ ಆಯಸ್ಸು ಕುಗ್ಗುತ್ತದೆ.

ಪಾಲಿಮರ್ ಉದ್ದವಾಗಿದ್ದಷ್ಟೂ ಹನಿಗೆ ಇನ್ನೊಂದು ತೊಂದರೆ. ನಳಿಕೆಯಿಂದ ಹೊರಬಿದ್ದ ಶಾಯಿ ತುಂಡಾಗಿ ಹನಿಯಾಗುವ ಬದಲು ಉದ್ದನೆಯ ಎಳೆಯಾಗಿ ಹಿಂದೆ ಜೋತುಬೀಳುತ್ತದೆ. ಚಿಕ್ಕ ಅಣುಗಳಿಗೆ ಈ ಸಮಸ್ಯೆಯಿಲ್ಲ, ಅವನ್ನು ನಿರ್ವಾತದಲ್ಲಿ ಉತ್ಪತನ ಮಾಡಿ, ಎಂದರೆ ಘನದಿಂದ ನೇರವಾಗಿ ಆವಿಯಾಗಿಸಿ, ಶುದ್ಧಗೊಳಿಸಲೂಬಹುದು. ಆದರೆ ಒಣಗುವಾಗ ಅವು ಹರಳುಗಟ್ಟಿ ಪದರವನ್ನು ಕೆಡಿಸುತ್ತವೆ. ಪಾಲಿಮರ್ ಸೊಗಸಾದ ನಯವಾದ ಪದರ ಕೊಡುತ್ತದೆ, ಆದರೆ ಅದನ್ನು ಉತ್ಪತನ ಮಾಡಲಾಗದು. ಇಂಗಾಲದ ಪರಮಾಣುಗಳನ್ನು ಒಂದಕ್ಕೊಂದು ಬೆಸೆಯುವ ಸುಜುಕಿ ಜೋಡಣೆ ಎಂಬ ಕ್ರಿಯೆಯಿಂದ ತಯಾರಿಸಿದ ಪಾಲಿಮರಿನಲ್ಲಿ ವೇಗವರ್ಧಕವಾಗಿ ಬಳಸಿದ ಪೆಲ್ಲೇಡಿಯಂನ ಲೇಶ ಉಳಿದರೂ ಅದು ಬೆಳಕನ್ನು ನಂದಿಸುತ್ತದೆ, ಒಂದು ಸಲದ ತಯಾರಿಗೂ ಇನ್ನೊಂದಕ್ಕೂ ಸರಪಳಿಯ ಉದ್ದ ಬದಲಾಗುತ್ತದೆ. ಈ ಎರಡರ ನಡುವಿನ ದಾರಿಯಾಗಿ ಇಫೋರ್ ಸ್ಯಾಮ್ಯುಯೆಲ್ ಮತ್ತು ಪಾಲ್ ಬರ್ನ್ ಅವರ ತಂಡಗಳು ರೂಪಿಸಿದ ಡೆಂಡ್ರಿಮರುಗಳು ನನಗೆ ಬಹಳ ಇಷ್ಟ: ನಡುವೆ ಬೆಳಗುವ ಇರಿಡಿಯಂ ತಿರುಳು, ಸುತ್ತ ಕವಲು ಕವಲಾಗಿ ಹರಡಿದ ರೆಂಬೆಗಳು, ಹೊರತುದಿಯಲ್ಲಿ ಕರಗಿಸುವ ಬಾಲಗಳು. ಅಣು ದೊಡ್ಡದು, ಆದರೆ ಅದರ ರಚನೆ ನಿಖರ; ಎಲ್ಲ ಅಣುಗಳೂ ಒಂದೇ.

ಇನ್ನು ಮೊದಲು ಹೇಳಿದ ಪದರಗಳ ತೊಡಕು. ಆವಿ ವಿಧಾನದಲ್ಲಿ ಹತ್ತು ಪದರಗಳನ್ನಾದರೂ ಹಾಸಬಹುದು. ಶಾಯಿಯಲ್ಲಿ ಎರಡನೆಯ ಪದರ ಹಾಕುವ ಹೊತ್ತಿಗೆ ಅದರ ದ್ರಾವಕ ಮೊದಲನೆಯದನ್ನು ಕರಗಿಸಿಬಿಡುತ್ತದೆ. ಮೊದಲ ಮೆಟ್ಟಿಲು ಸುಲಭವಾಗಿ ದಾಟಿದ್ದು ಪೆಡಾಟ್ ಎಂಬ ವಾಹಕ ಪಾಲಿಮರಿನಿಂದ. ಬೇಯರ್ ಸಂಸ್ಥೆಯಲ್ಲಿ ರೂಪುಗೊಂಡು ಫೋಟೋ ಫಿಲ್ಮಿನ ಮೇಲೆ ಸ್ಥಿರವಿದ್ಯುತ್ ಸೇರದಂತೆ ಲೇಪಿಸಲು ಬಳಕೆಯಾದ ಈ ವಸ್ತು ನೀರಿನಲ್ಲಿ ಹರಡಿಕೊಂಡಿರುತ್ತದೆ. ಮೇಲೆ ಬರುವ ಪದರದ ಎಣ್ಣೆ ಜಾತಿಯ ದ್ರಾವಕಗಳು ಅದನ್ನು ಮುಟ್ಟುವುದಿಲ್ಲ. ಆದರೆ ನೀರು, ಎಣ್ಣೆ ಎಂಬ ಇಂತಹ ವಿರೋಧವನ್ನು ನಾಲ್ಕೈದು ಪದರಗಳವರೆಗೆ ಎಳೆಯಲಾಗದು. ಹಾಗಾಗಿ ಹಾಸಿದ ಮೇಲೆ ಕರಗದಂತಾಗುವ ವಸ್ತು ಬೇಕು. 2003ರಲ್ಲಿ ಜರ್ಮನಿಯ ಕ್ಲಾಸ್ ಮೀರ್‌ಹೋಲ್ಜ್ ಮತ್ತು ಸಂಗಡಿಗರು ಪಾಲಿಮರಿನ ಪಾರ್ಶ್ವ ಸರಪಳಿಗಳ ತುದಿಗೆ ಆಕ್ಸಿಟೇನ್ ಎಂಬ ನಾಲ್ಕು ಪರಮಾಣುಗಳ ಉಂಗುರವನ್ನು ಕಟ್ಟಿ, ಬೆಳಕು ತಾಗಿದಾಗ ಉಂಗುರ ಬಿಚ್ಚಿ ಪಕ್ಕದ ಸರಪಳಿಗಳೊಡನೆ ಬೆಸೆಯುವಂತೆ ಮಾಡಿದರು. ಕೆಂಪು, ಹಸಿರು, ನೀಲಿ ಮೂರನ್ನೂ ದ್ರಾವಣದಿಂದ ಒಂದೇ ಗಾಜಿನ ಮೇಲೆ ಹಾಸಿ ತೋರಿಸಿದರು. ಕರಗಿಸುವುದಕ್ಕೆಂದು ಇಟ್ಟ ಬಾಲವೇ ಮುಂದೆ ಕರಗದಂತೆ ಬಿಗಿಯುವ ಕೊಂಡಿಯೂ ಆಗುವುದು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಸುಂದರವಾದ ಆಲೋಚನೆ. ತೊಡಕು ಏನೆಂದರೆ, ಬೆಸುಗೆಯನ್ನು ಶುರುಮಾಡಲು ಸೇರಿಸಿದ, ಬೆಳಕಿಗೆ ಆಮ್ಲ ಹುಟ್ಟಿಸುವ ವಸ್ತುವಿನ ಉಳಿಕೆಯೂ ಬೆಸೆಯದೆ ಉಳಿದ ತುದಿಗಳೂ ಪದರದೊಳಗೆ ಎಲೆಕ್ಟ್ರಾನುಗಳಿಗೆ ಬೋನುಗಳಾಗುತ್ತವೆ.

ಬಣ್ಣದ ವಿಚಾರದಲ್ಲಿ ಕೆಂಪು, ಹಸಿರುಗಳ ದಾರಿ ಬಹುಮಟ್ಟಿಗೆ ತೆರೆದಿದೆ. ವಿದ್ಯುತ್ತಿನಿಂದ ಹುಟ್ಟುವ ಉದ್ರಿಕ್ತ ಸ್ಥಿತಿಗಳಲ್ಲಿ ನಾಲ್ಕರಲ್ಲಿ ಮೂರು ಟ್ರಿಪ್ಲೆಟ್ ಜಾತಿಯವು, ಸಾಮಾನ್ಯ ಸಾವಯವ ಅಣುಗಳಲ್ಲಿ ಬೆಳಕು ಕೊಡದೆ ಶಾಖವಾಗಿ ಹೋಗುವಂಥವು. 1998ರಲ್ಲಿ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್ ಅವರ ತಂಡಗಳು ಪ್ಲಾಟಿನಂ, ಮರುವರ್ಷ ಇರಿಡಿಯಂನಂತಹ ಭಾರಲೋಹವಿರುವ ಅಣುಗಳಿಂದ ಅವನ್ನೂ ಬೆಳಕಾಗಿಸಿದವು. 2012ರಲ್ಲಿ ಕ್ಯೂಶೂ ವಿಶ್ವವಿದ್ಯಾಲಯದ ಚಿಹಾಯಾ ಅದಾಚಿ ತಂಡ ಭಾರಲೋಹವಿಲ್ಲದೆಯೂ ಅದು ಸಾಧ್ಯವೆಂದು ತೋರಿಸಿತು. ನೀಲಿಯ ಕಥೆ ಬೇರೆ. ನೀಲಿ ಬೆಳಕಿನ ಫೋಟಾನಿನ ಶಕ್ತಿ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಉದ್ರಿಕ್ತ ಅಣುಗಳೆರಡು ಎದುರುಬದುರಾಗಿ ಒಂದರ ಶಕ್ತಿ ಇನ್ನೊಂದಕ್ಕೆ ಸೇರಿದರೆ, ಅಣುವಿನ ದುರ್ಬಲ ಬಂಧಗಳನ್ನು ಮುರಿಯಲು ಅದು ಬೇಕಾದಷ್ಟಾಯಿತು. ಮುದ್ರಣಕ್ಕೆ ಒಗ್ಗುವ ನೀಲಿ ಪಾಲಿಮರ್ ಎಂದು ಬಹಳ ಆಸೆ ಹುಟ್ಟಿಸಿದ ಪಾಲಿಫ್ಲೋರೀನ್ ಕೆಲಸ ಮಾಡುತ್ತ ಮಾಡುತ್ತ ಹಸಿರಿಗೆ ತಿರುಗುತ್ತಿತ್ತು. ಅದರ ಒಂಬತ್ತನೆಯ ಇಂಗಾಲಕ್ಕೆ ಎರಡು ಬಾಲಗಳಿರಬೇಕು. ತಯಾರಿಯಲ್ಲಿ ಕೆಲವೆಡೆ ಒಂದೇ ಬಾಲ ಸೇರಿ ಹೈಡ್ರೋಜನ್ ಉಳಿದರೆ, ಅಲ್ಲಿ ಆಮ್ಲಜನಕ ಸೇರಿ ಕೀಟೋನ್ ಆಗಿ, ಸುತ್ತಲಿನ ಶಕ್ತಿಯನ್ನೆಲ್ಲ ತನ್ನೆಡೆಗೆ ಸೆಳೆದು ಹಸಿರಾಗಿ ಹೊರಹಾಕುತ್ತದೆ. ಇಲ್ಲಿಯೂ ದೋಷ ಹೊಕ್ಕದ್ದು ಬಾಲವಿಲ್ಲದ ಜಾಗದಿಂದ.

ಆವಿಯಿಂದ ಹಾಸಿದ ಪದರಕ್ಕೆ ಇನ್ನೊಂದು ಮೇಲುಗೈ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. 2007ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಾರ್ಕ್ ಎಡಿಗರ್ ಮತ್ತು ಸಂಗಡಿಗರು, ತಕ್ಕ ತಾಪದಲ್ಲಿ ಆವಿಯಿಂದ ನಿಧಾನವಾಗಿ ಹಾಸಿದ ಸಾವಯವ ಗಾಜು ಸಾಮಾನ್ಯ ಗಾಜಿಗಿಂತ ಹೆಚ್ಚು ಒತ್ತಾಗಿಯೂ ಸ್ಥಿರವಾಗಿಯೂ ಇರುತ್ತದೆಂದು ತೋರಿಸಿದರು. ಒಂದೊಂದೇ ಅಣು ಮೇಲ್ಮೈಗೆ ಬಂದು, ತನ್ನ ಮೇಲೆ ಇನ್ನೊಂದು ಬೀಳುವ ಮೊದಲು ಸರಿಯಾದ ಜಾಗ ಹುಡುಕಿಕೊಳ್ಳಲು ಅವಕಾಶ ಪಡೆಯುತ್ತದೆ. ಒಣಗುವ ಶಾಯಿಯಲ್ಲಿ ಎಲ್ಲ ಅಣುಗಳೂ ಒಟ್ಟಿಗೆ ಸಿಕ್ಕಿಬೀಳುತ್ತವೆ. ಒಂದೇ ಅಣುವಿನಿಂದ ಮಾಡಿದರೂ ಮುದ್ರಿತ ಪದರ ಆವಿಯ ಪದರಕ್ಕೆ ಆಯಸ್ಸಿನಲ್ಲಿ ಸಾಟಿಯಾಗದಿರಲು ಇದೂ ಒಂದು ಕಾರಣ. ಆದ್ದರಿಂದ ಆವಿಗೆಂದು ರೂಪಿಸಿದ ಅಣುವಿಗೆ ನಾಲ್ಕು ಬಾಲ ಹಚ್ಚಿ ಶಾಯಿ ಮಾಡುವ ದಾರಿ ಬಹು ದೂರ ಹೋಗದು. ಬೇಗ ಒಣಗಿದರೂ ಒತ್ತಾಗಿ ಕೂರುವ ಅಣುವನ್ನೇ ಮೊದಲಿನಿಂದ ಯೋಚಿಸಬೇಕು.

ಕೈಗಾರಿಕೆಯ ಮಾತು ಚಿಕ್ಕದಾಗಿ ಹೇಳುತ್ತೇನೆ. 2004ರಲ್ಲಿ ಜಪಾನಿನ ಎಪ್ಸನ್ ಸಂಸ್ಥೆ ಇಂಕ್‌ಜೆಟ್ ವಿಧಾನದಲ್ಲಿ ಮಾಡಿದ 40 ಇಂಚಿನ ಮಾದರಿ ಪರದೆಯನ್ನು ತೋರಿಸಿತು. ಸೋನಿ ಮತ್ತು ಪ್ಯಾನಸೋನಿಕ್‌ಗಳ ಓಎಲ್‌ಇಡಿ ವಿಭಾಗಗಳನ್ನು ಕೂಡಿಸಿ 2015ರಲ್ಲಿ ಹುಟ್ಟಿದ ಜೆಓಲೆಡ್ 2017ರ ಕೊನೆಗೆ 21.6 ಇಂಚಿನ ಮುದ್ರಿತ 4ಕೆ ಪರದೆಗಳನ್ನು ಮಾರುಕಟ್ಟೆಗೆ ಕಳಿಸಿತು, ಆದರೆ 2023ರ ಮಾರ್ಚ್‌ನಲ್ಲಿ ದಿವಾಳಿತನದ ರಕ್ಷಣೆ ಕೋರಿತು. ಅದರಲ್ಲಿ ಬಂಡವಾಳ ಹೂಡಿದ್ದ ಚೀನಾದ ಟಿಸಿಎಲ್ ಸಿಎಸ್ಒಟಿ 2024ರ ಕೊನೆಯಲ್ಲಿ ವುಹಾನ್‌ನಲ್ಲಿ ಮುದ್ರಿತ ಪರದೆಗಳ ಉತ್ಪಾದನೆ ಆರಂಭಿಸಿದೆ. ಈ ನಡುವೆ ಸ್ಯಾಮ್‌ಸಂಗ್‌ನ ಕ್ವಾಂಟಂ ಡಾಟ್ ಓಎಲ್‌ಇಡಿ ಪರದೆಗಳಲ್ಲಿ ನೀಲಿ ಬೆಳಕನ್ನು ಆವಿ ವಿಧಾನದ ಪದರಗಳೇ ಕೊಡುತ್ತವೆ, ಅದನ್ನು ಕೆಂಪು ಹಸಿರಾಗಿ ಬದಲಿಸುವ ಪದರವನ್ನು ಮಾತ್ರ ಇಂಕ್‌ಜೆಟ್‌ನಿಂದ ಮುದ್ರಿಸುತ್ತಾರೆ. ಆ ಪದರ ವಿದ್ಯುತ್ ಸಾಗಿಸಬೇಕಿಲ್ಲ; ಎರಡು ವಿರುದ್ಧ ಗುಣಗಳ ಹೊರೆ ಅದರ ಮೇಲಿಲ್ಲದ್ದರಿಂದಲೇ ಮುದ್ರಣ ಅಲ್ಲಿ ಬೇಗ ಗೆದ್ದಿತೆಂದು ನಾನು ಭಾವಿಸುತ್ತೇನೆ.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು, ಇಂತಹ ಸಾಧನವನ್ನು ನಿರ್ವಾತವಿಲ್ಲದೆ, ತೆರೆದ ಗಾಳಿಯಲ್ಲಿ, ಕಾಗದದಂತಹ ಹಾಳೆಯ ಮೇಲೆ ಮುದ್ರಿಸಲು ಆಗುತ್ತದೆಯೇ ಎಂದು ಕೇಳಿದರು. ಹತ್ತಿರ ಬರುವ ಸಾಧನ ಒಂದಿದೆ. 1995ರಲ್ಲಿ ಚಿಬಿಂಗ್ ಪೇ, ಹೀಗರ್ ಮತ್ತು ಸಂಗಡಿಗರು ಬೆಳಗುವ ಪಾಲಿಮರಿಗೆ ಅಯಾನುಗಳನ್ನು ಬೆರೆಸಿ ವಿದ್ಯುದ್ರಾಸಾಯನಿಕ ಬೆಳಕಿನ ಕೋಶವನ್ನು ರೂಪಿಸಿದರು. ವೋಲ್ಟೇಜ್ ಕೊಟ್ಟಾಗ ಅಯಾನುಗಳು ತಾವೇ ಸರಿದು ಎರಡೂ ಬದಿಯಲ್ಲಿ ಆವೇಶದ ಪ್ರವೇಶವನ್ನು ಸುಗಮಗೊಳಿಸುವುದರಿಂದ ಒಂದೇ ಪದರ ಸಾಕು, ದಪ್ಪದಲ್ಲಿ ಏರುಪೇರಿದ್ದರೂ ನಡೆಯುತ್ತದೆ, ಗಾಳಿಗೆ ಕೆಡುವ ಕ್ಯಾಲ್ಸಿಯಂನಂತಹ ಲೋಹದ ವಿದ್ಯುದಗ್ರವೂ ಬೇಕಿಲ್ಲ. 2012ರಲ್ಲಿ ಸ್ವೀಡನ್ನಿನ ಊಮಿಯೋದಲ್ಲಿ ಲುಡ್ವಿಗ್ ಎಡ್‌ಮನ್ ತಂಡ ಇಂತಹ ಸಾಧನವನ್ನು ತೆರೆದ ಗಾಳಿಯಲ್ಲಿಯೇ, ಸುರುಳಿಯ ಮೇಲೆ ಲೇಪನ ಹಾಕುವ ವಿಧಾನದಿಂದ ಬಾಗುವ ಹಾಳೆಯ ಮೇಲೆ ತಯಾರಿಸಿತು. ಆದರೆ ಅಯಾನುಗಳು ಸರಿಯಲು ಹೊತ್ತು ಹಿಡಿಯುವುದರಿಂದ ಅದು ನಿಧಾನವಾಗಿ ಹೊತ್ತಿಕೊಳ್ಳುತ್ತದೆ; ಚಲಿಸುವ ಚಿತ್ರಗಳ ಪರದೆಗೆ ಅದು ಆಗದು, ಮಂದ ಬೆಳಕಿನ ಫಲಕಗಳಿಗೆ ಆದೀತು. ಗಾಳಿಯಲ್ಲಿ ತಯಾರಾದರೂ ಕೆಲಸ ಮಾಡುವಾಗ ತೇವದಿಂದ ಅದನ್ನೂ ಕಾಪಾಡಬೇಕು. ಓಎಲ್‌ಇಡಿಗೆ ಬೇಕಾದ ಹೊದಿಕೆಯ ಅಳತೆ ಇನ್ನೂ ಕಠಿಣ: ಒಂದು ಚದರ ಮೀಟರಿಗೆ ದಿನವೊಂದಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ನೀರಾವಿಗಿಂತ ಹೆಚ್ಚು ಒಳಗೆ ಬರಬಾರದು, ಅಂದರೆ ಒಂದು ಗ್ರಾಂ ನೀರು ದಾಟಲು 2,700 ವರ್ಷಗಳಿಗೂ ಹೆಚ್ಚು ಹಿಡಿಯಬೇಕು. ಬಾಗುವ ಫೋನುಗಳಲ್ಲಿ ಅಜೈವಿಕ ಪದರಗಳ ನಡುವೆ ಸಾವಯವ ಪದರವೊಂದನ್ನಿಟ್ಟು ಇದನ್ನು ಸಾಧಿಸಿದ್ದಾರೆ, ಮತ್ತು ಆ ನಡುವಿನ ಸಾವಯವ ಪದರವನ್ನು ಈಗಾಗಲೇ ಇಂಕ್‌ಜೆಟ್‌ನಿಂದಲೇ ಮುದ್ರಿಸಲಾಗುತ್ತಿದೆ. ಕಾಗದದ ಬಳಿ ಅಂತಹ ತಡೆ ಇಲ್ಲ. ಆ ತಡೆಯನ್ನು ಎರಡೂ ಬದಿಗೆ ಕಟ್ಟುವ ಖರ್ಚು ಇಂದಿನ ಮಟ್ಟಿಗೆ ಬೆಳಕಿನ ಪದರದ ಖರ್ಚನ್ನು ಮೀರುತ್ತದೆ ಎಂದು ಅವರಿಗೆ ಉತ್ತರಿಸಿದೆ.